ಕೈ ಹಿಡಿದರೆ ಫೌಲು

ನನ್ನ ಮೊಮ್ಮಗಳು ಒದೆಯಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬೀದಿಯಲ್ಲಿ ಈಗಲೂ ಕೆಲವರು ಅವಳು ಒದ್ದಳು, ಅವನು ಬೈಕಿನ ಮೇಲಿಂದ ಉರುಳಿದ, ಎದ್ದು ಕೈ ಮುಗಿದ ಅಂತೆಲ್ಲ ಹೇಳಿಕೊಂಡು ತಿರುಗುತ್ತಾರೆ. ನಾನು ಪಕ್ಕದಲ್ಲೇ ಇದ್ದೆ. ಆರು ವರ್ಷ ಟೇಕ್ವಾಂಡೊ ಕಲಿತ ಹುಡುಗಿ, ಒಬ್ಬ ಬಂದು ಕೈ ಹಿಡಿದಾಗ ಲೈಟ್ ಕಂಬದ ಹಾಗೆ ನಿಂತಿದ್ದಳು. ಕಚ್ಚಿದವಳು ನಾನು. ನಡೆದದ್ದು ಇಷ್ಟೇ.

ಇಷ್ಟಕ್ಕೇ ಅವಳ ಕೆಲಸ ಹೋಗುವುದರಲ್ಲಿತ್ತು. ಡಿಪ್ಲೊಮಾ ಮುಗಿಸಿ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಗೆ ಸೇರಿದ್ದಳು. ಮೆಷಿನ್ನಿಂದ ಬಂದ ಸಣ್ಣ ಸಣ್ಣ ಪಾರ್ಟುಗಳನ್ನು ಅಳೆದು ನೋಡಿ, ಸರಿ ಇದ್ದದ್ದನ್ನು ಒಂದು ಕಡೆ, ಇಲ್ಲದ್ದನ್ನು ಇನ್ನೊಂದು ಕಡೆ ಹಾಕುವ ಕೆಲಸ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದಳು. ನಮ್ಮ ಮನೆಯಲ್ಲಿ ಒಬ್ಬಳೇ ಹೊರಗೆ ಹೋಗಿ ದುಡಿದ ಮೊದಲ ಹೆಣ್ಣು ಅವಳು. ಕೆಲಸ ಅವಳಿಗೆ ಹಿಡಿಸಿತ್ತು. ಊಟಕ್ಕೆ ಕೂತಾಗ ತಟ್ಟೆಯ ಅಂಚನ್ನೂ ಕಣ್ಣಲ್ಲೇ ಅಳೆಯುತ್ತಿದ್ದಳು, ಅಷ್ಟು.

ಟೇಕ್ವಾಂಡೊಗೆ ಸೇರಿಸಿದ್ದು ಸೊಸೆ. ಹುಡುಗಿ ಹೈಸ್ಕೂಲಿನಲ್ಲಿದ್ದಾಗ ಟ್ಯೂಶನ್ ಮುಗಿಸಿ ಬರುವ ದಾರಿಯಲ್ಲಿ ಒಂದಷ್ಟು ದೂರ ಮನೆಗಳೇ ಇರಲಿಲ್ಲ. ಅಲ್ಲಿ ಹುಡುಗರು ಬೈಕ್ ನಿಲ್ಲಿಸಿಕೊಂಡು ಕೂತಿರುತ್ತಿದ್ದರು. ಸೊಸೆಗೆ ಅದೇ ಯೋಚನೆ. ಹತ್ತಿರದ ಸ್ಕೂಲಿನ ಹಾಲಿನಲ್ಲಿ ಒಬ್ಬ ಮಾಸ್ಟ್ರು ಹೇಳಿಕೊಡುತ್ತಾರೆ ಎಂದು ಯಾರೋ ಹೇಳಿದ್ದೇ ತಡ, ಹೋಗಿ ಸೇರಿಸಿ ಬಂದಳು.

"ಕೊರಿಯಾ ದೇಶದ್ದಂತೆ ಅತ್ತೆ. ಕಾಲಲ್ಲೇ ಎಲ್ಲಾ ಹೊಡೆಯೋದಂತೆ" ಅಂದಳು.

"ಕಾಲೆತ್ತೋಕೂ ಕೊರಿಯಾಗೆ ಹೋಗ್ಬೇಕೇನೇ? ನಮ್ ಎಮ್ಮೆ ಚೆನ್ನಾಗೇ ಒದೀತಿತ್ತು" ಅಂದೆ.

"ಎಮ್ಮೆ ಟ್ಯೂಶನ್‌ಗೆ ಹೋಗ್ತಿರ್ಲಿಲ್ಲ, ಬುಡಿ" ಅಂದಳು. ನನ್ನ ಸೊಸೆ ಮಾತು ಕಡಿಮೆ ಆಡುತ್ತಾಳೆ. ಆಡಿದರೆ ಹೀಗೇ.

ಬಿಳಿ ಡ್ರೆಸ್ಸು ಬಂತು. ಸೊಂಟಕ್ಕೆ ಮೊದಲು ಬಿಳಿ ಬೆಲ್ಟು, ಆಮೇಲೆ ಹಳದಿ, ಆಮೇಲೆ ಹಸಿರು. ಬೆಳಿಗ್ಗೆ ತಾರಸಿಯ ಮೇಲೆ ನಾನು ಹಪ್ಪಳ ಒಣಹಾಕುವಾಗ ಅವಳು ಆ ಕಡೆ ನಿಂತು ಅಭ್ಯಾಸ ಮಾಡುತ್ತಿದ್ದಳು. ಮೊದಲು ಕಾಲು ಜೋಡಿಸಿ ತಲೆ ಬಗ್ಗಿಸುವುದು. ಎದುರಿಗೆ ಯಾರೂ ಇಲ್ಲದಿದ್ದರೂ ಬಗ್ಗಿಸುವುದೇ. ಆಮೇಲೆ ಬಾಯಲ್ಲಿ ತಾನೇ "ಶಿಜಾಕ್" ಅನ್ನುತ್ತಿದ್ದಳು. ಶುರು ಮಾಡಿ ಅಂತ ಅರ್ಥವಂತೆ. ಅದಾದ ಮೇಲೆ ಎಡಕ್ಕೆ ತಿರುಗಿ ಒಂದು ಗುದ್ದು, ಬಲಕ್ಕೆ ತಿರುಗಿ ಒಂದು ಒದೆ, ಹಿಂದಕ್ಕೆ ಒಂದು ಹೆಜ್ಜೆ. ಎಲ್ಲಾ ಗಾಳಿಗೆ. ಕೊನೆಗೆ ಮೊದಲು ನಿಂತಿದ್ದ ಜಾಗಕ್ಕೇ ಬಂದು ನಿಲ್ಲುತ್ತಿದ್ದಳು. ಅದರ ಹೆಸರು ಪೂಮ್ಸೆ. ನೋಡಲು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಹಪ್ಪಳದ ಮೇಲೆ ಕಾಗೆ ಕೂತರೂ ನಾನು ಅವಳನ್ನೇ ನೋಡುತ್ತಿದ್ದೆ.

ತೊಡಕು ಬಂದದ್ದು ಹಸಿರು ಬೆಲ್ಟಿನ ಹೊತ್ತಿಗೆ. ಅಲ್ಲಿಯ ತನಕ ಗಾಳಿಗೆ ಒದೆಯುವುದು, ಪ್ಯಾಡಿಗೆ ಒದೆಯುವುದು. ಇನ್ನು ಮೇಲೆ ಇಬ್ಬಿಬ್ಬರನ್ನು ನಿಲ್ಲಿಸಿ ಒಬ್ಬರಿಗೊಬ್ಬರು ಒದೆಯಬೇಕು. ಎದೆಗೆ ಗಾರ್ಡು, ತಲೆಗೆ ಹೆಲ್ಮೆಟ್ಟು ಕೊಡುತ್ತಾರೆ. ಆದರೆ ಮೈಮೇಲೆ ಸರ, ಬಳೆ, ಓಲೆ, ದಾರ, ಏನೂ ಇರಬಾರದು.

ನಮ್ಮದು ಲಿಂಗ ಕಟ್ಟುವ ಮನೆ. ಗಂಡಿಗೂ ಹೆಣ್ಣಿಗೂ ಎಂಟು ವರ್ಷಕ್ಕೇ ದೀಕ್ಷೆ ಕೊಡಿಸುತ್ತೇವೆ. ಅಂದಿನಿಂದ ಲಿಂಗ ಮೈಬಿಟ್ಟು ಹೋಗಬಾರದು. ಸ್ನಾನಕ್ಕೂ ಇಲ್ಲ, ನಿದ್ದೆಗೂ ಇಲ್ಲ. ಈಗಿನ ಎಷ್ಟೋ ಮನೆಯ ಮಕ್ಕಳು ತೆಗೆದು ದೇವರ ಗೂಡಿನಲ್ಲಿ ಇಟ್ಟು ಕಾಲೇಜಿಗೆ ಹೋಗುತ್ತವೆ. ನಮ್ಮ ಹುಡುಗಿ ಹಾಗಲ್ಲ. ಲಿಂಗ ಇಡುವ ಬೆಳ್ಳಿ ಕರಡಿಗೆ, ಅದನ್ನು ಕಟ್ಟುವ ಶಿವದಾರ, ಸದಾ ಅವಳ ಕೊರಳಲ್ಲೇ ಇರುತ್ತಿತ್ತು.

"ಸರ್, ನಮ್ಮಲ್ಲಿ ಇದನ್ನ ತೆಗೆಯಂಗಿಲ್ಲ" ಅಂದಳಂತೆ.

ಮಾಸ್ಟ್ರು ನಮ್ಮ ಜನ ಅಲ್ಲ. ಒಳ್ಳೆಯ ಮನುಷ್ಯ. ಒಂದು ದಿನ ಮನೆಗೇ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೂತು, "ಅಮ್ಮಾ, ದೇವ್ರ ವಿಷ್ಯದಲ್ಲಿ ನಾನು ಬಾಯಿ ಹಾಕಲ್ಲ. ದಾರ ಎಳೆದ್ರೆ ಕುತ್ತಿಗೆಗೆ ಅಪಾಯ, ಅದಕ್ಕೆ ಹೇಳ್ದೆ. ಬೇಡ ಅಂದ್ರೆ ಬೇಡ. ಅವಳು ಪೂಮ್ಸೆ ಮಾಡ್ಕೊಂಡಿರ್ಲಿ" ಅಂದರು.

ಅವರು ಹೋದ ಮೇಲೆ ನಾನು ಹುಡುಗಿಗೆ ಒಂದು ಮಾತು ಹೇಳಿದೆ. ನನ್ನ ಯಜಮಾನರು ಗುಬ್ಬಿಯಲ್ಲಿ ಕೊಬ್ಬರಿ ಮಂಡಿಯಲ್ಲಿದ್ದರು. ಚೀಲ ಹೊರುವಾಗ ಕೊರಳಲ್ಲಿದ್ದದ್ದು ಮೂಟೆಗೆ ಸಿಕ್ಕಿಕೊಳ್ಳುತ್ತೆ ಅಂತ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಬಿಗಿದುಕೊಳ್ಳುತ್ತಿದ್ದರು. ಅದಕ್ಕೆ ಯಾರೂ ತಪ್ಪು ಅಂದವರಿಲ್ಲ.

"ನಿಮ್ ತಾತನ ಹಂಗೆ ತೋಳಿಗೆ ಕಟ್ಕೊಳ್ಳೇ. ಮೇಲೆ ಡ್ರೆಸ್ ಬರುತ್ತೆ. ಯಾರ್ಗೂ ತೊಂದ್ರೆ ಇಲ್ಲ" ಅಂದೆ.

"ಬೇಡ ಅಜ್ಜಿ. ಕೊರಳಲ್ಲೇ ಇರ್ಲಿ" ಅಂದಳು.

ನನಗೆ ಹೆಮ್ಮೆಯಾಯಿತು. ಅದೇ ವಾರ ಎದುರು ಮನೆಯವಳಿಗೆ ಹೇಳಿದೆ, ಗುಬ್ಬಿಯ ತಂಗಿಗೆ ಫೋನಿನಲ್ಲಿ ಹೇಳಿದೆ. ಕೊರಿಯಾದ ಆಟ ಆಡಿದರೂ ಲಿಂಗ ಬಿಡಲಿಲ್ಲ ನಮ್ಮ ಹುಡುಗಿ, ಅಂತ. ತಂಗಿ ಮಠಕ್ಕೆ ಹೋದಾಗ ಅಲ್ಲಿಯೂ ಹೇಳಿದಳಂತೆ. ಅಲ್ಲಿನವರಿಗೂ ಸಂತೋಷವಾಯಿತಂತೆ. ಹೀಗೆ ಮಾಸ್ಟ್ರು ಮರ್ಯಾದೆ ಕೊಟ್ಟರು, ನಾವು ಮರ್ಯಾದೆ ಕೊಟ್ಟೆವು, ಮಠದವರು ಮರ್ಯಾದೆ ಕೊಟ್ಟರು. ಎಲ್ಲರ ಮರ್ಯಾದೆಯ ನಡುವೆ ಆ ಹುಡುಗಿಯ ಮೇಲೆ ಒಂದೇ ಒಂದು ಏಟು ಬೀಳಲಿಲ್ಲ.

ಪೂಮ್ಸೆಯಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಕುಣಿಗಲ್‌ನಲ್ಲಿ ಒಂದು ಕಾಂಪಿಟಿಶನ್ ಆಯಿತು. ನಾನೂ ಹೋಗಿದ್ದೆ. ಒಂದು ಕಡೆ ಮ್ಯಾಟಿನ ಮೇಲೆ ಫೈಟಿಂಗ್ ನಡೆಯುತ್ತಿತ್ತು. ಅವಳ ಜೊತೆಯ ಒಂದು ಹುಡುಗಿ, ಕಡ್ಡಿಯ ಹಾಗಿದ್ದಳು, ಎದುರಾಳಿಯಿಂದ ಒದೆ ತಿಂದು ಧೊಪ್ಪನೆ ಬಿದ್ದಳು. ಎದ್ದಳು. ಮತ್ತೆ ಬಿದ್ದಳು. ಮೂಗು ಒರೆಸಿಕೊಂಡು ಮತ್ತೆ ಎದ್ದಳು. ಸೋತಳು. ನನಗೆ ಅಯ್ಯೋ ಅನಿಸಿತು. ಈ ಕಡೆ ನಮ್ಮ ಹುಡುಗಿ ಒಂದು ಕೂದಲೂ ಕೆದರದೆ ಗಾಳಿಗೆ ಒದ್ದು ಚಿನ್ನದ ಬಣ್ಣದ ಮೆಡಲು ಕೊರಳಿಗೆ ಹಾಕಿಸಿಕೊಂಡಳು. ನಾನು ಚಪ್ಪಾಳೆ ಹೊಡೆದೆ. ಎಂಥ ಪೆದ್ದಿ ನಾನು! ಆವತ್ತು ಕಲಿತವಳು ಯಾರು ಅಂತ ಕಣ್ಣೆದುರೇ ಇತ್ತು.

ಮಗ ಮೆಡಲುಗಳನ್ನು ಮನೆಯ ಹಾಲಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ಬಂದವರಿಗೆಲ್ಲ ತೋರಿಸುವುದು. "ನನ್ ಮಗಳ ತಂಟೆಗೆ ಬಂದವ್ನು ಕಾಲು ಮುರ್ಕೊಂಡು ಹೋಗ್ತಾನೆ" ಅನ್ನುವುದು. ಅವಳು ನೀಲಿ ದಾಟಿ ಕೆಂಪು ಬೆಲ್ಟಿಗೆ ಬಂದಳು. ಕರಿ ಬೆಲ್ಟಿಗೆ ಫೈಟ್ ಮಾಡಲೇಬೇಕಂತೆ. ಅಲ್ಲಿಗೆ ನಿಂತಿತು. ಕೆಲಸಕ್ಕೆ ಸೇರಿದ ಮೇಲೂ ಭಾನುವಾರ ಬೆಳಿಗ್ಗೆ ಮಾಸ್ಟ್ರ ಕ್ಲಾಸಿಗೆ ಹೋಗಿ ಬರುತ್ತಿದ್ದಳು.

ಆ ಭಾನುವಾರ ಮಾತ್ರ ಹೋಗಿರಲಿಲ್ಲ. ಕುಣಿಗಲ್‌ನಲ್ಲಿ ನಮ್ಮ ನೆಂಟರದ್ದು ಗೃಹಪ್ರವೇಶ ಇತ್ತು. ನಾವಿಬ್ಬರೇ ಹೋಗಿದ್ದೆವು. ಊಟ ಮಾಡಿ, ತಾಂಬೂಲದ ಬ್ಯಾಗು ಹಿಡಿದುಕೊಂಡು, ಬಸ್ಸಿನಲ್ಲಿ ವಾಪಸ್ ಬಂದು ಮನೆ ಹತ್ತಿರದ ಮರಳೂರು ಸ್ಟಾಪಿನಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಸ್ಟಾಪಿನ ಎದುರಿಗೆ ಒಂದು ಟೀ ಅಂಗಡಿ, ಅಲ್ಲಿ ನಾಲ್ಕೈದು ಗಂಡಸರು.

ಸ್ಟಾಪಿನಲ್ಲಿ ಒಬ್ಬ ಬೈಕಿಗೆ ಒರಗಿಕೊಂಡು ನಿಂತಿದ್ದ. ಇಸ್ತ್ರಿ ಮಾಡಿದ ಶರ್ಟು, ನೀಟಾಗಿ ಬಾಚಿದ ತಲೆ. ನೋಡಿದರೆ ಯಾರದೋ ಮನೆಯ ಅಳಿಯ ಅನ್ನಬೇಕು. ಅಂತರಸನಹಳ್ಳಿಯ ಬೇರೆ ಯಾವುದೋ ಶೆಡ್ಡಿನಲ್ಲಿ ಕೆಲಸದವನಂತೆ. ಕೆಲವು ವಾರಗಳಿಂದ ಇವಳ ಬಸ್ಸಿಗೇ ಹತ್ತಿ, ಫೋನ್ ನಂಬರ್ ಕೊಡು ಅಂತ ಹಿಂದೆ ಬಿದ್ದಿದ್ದ. ಇವಳು ಕೊಟ್ಟಿರಲಿಲ್ಲ. ಮನೆಯಲ್ಲಿ ಹೇಳಿದರೆ ಎಲ್ಲಿ ಕೆಲಸ ಬಿಡಿಸುತ್ತಾರೋ ಎಂದು ನಮಗೂ ಹೇಳಿರಲಿಲ್ಲ. ಇವೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ನೆಟ್ಟಗೆ ಬಂದವನೇ ಅವಳ ಬಲಗೈ ಮಣಿಕಟ್ಟನ್ನು ಹಿಡಿದ.

"ಎಷ್ಟ್ ದಿನ ಆಟ ಆಡಿಸ್ತೀಯ? ಬಾ ಈ ಕಡೆ, ಮಾತಾಡ್ಬೇಕು" ಅಂದ.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಗೊತ್ತಿರುವವನೇ ಇರಬೇಕು ಅಂದುಕೊಂಡೆ. ಟೀ ಅಂಗಡಿಯವರೂ ಗಂಡ ಹೆಂಡತಿ ಜಗಳ ಅಂದುಕೊಂಡರಂತೆ, ಆಮೇಲೆ ಹೇಳಿದರು. ನಾನು ಅವಳ ಮುಖ ನೋಡಿದೆ. ಬಣ್ಣವೇ ಇರಲಿಲ್ಲ. ಎಡಗೈಯಲ್ಲಿ ತಾಂಬೂಲದ ಬ್ಯಾಗು ಹಾಗೇ ಹಿಡಿದಿದ್ದಳು, ಅದನ್ನೂ ಬಿಡಲಿಲ್ಲ. ಎರಡೂ ಕಾಲು ಜೋಡಿಸಿ ನಿಂತಿದ್ದಳು. ತಾರಸಿಯ ಮೇಲೆ ತಲೆ ಬಗ್ಗಿಸುವ ಮೊದಲು ನಿಲ್ಲುತ್ತಿದ್ದಳಲ್ಲ, ಹಾಗೇ.

"ಒದಿಯೇ!" ಅಂದೆ.

ಒದೆಯಲಿಲ್ಲ.

"ಒದಿಯೇ ಅಂದ್ರೆ! ಏನ್ ನೋಡ್ತಾ ನಿಂತಿದೀಯ?"

ಅವನು ನಕ್ಕ. "ಅಜ್ಜಿ, ನೀವ್ ಸುಮ್ನಿರಿ, ಇದು ನಮ್ಮಿಬ್ರ ವಿಷ್ಯ" ಅಂದ. ಅವಳನ್ನು ಬೈಕಿನ ಕಡೆ ಎಳೆದ. ಅವಳು ಎಳೆದ ಕಡೆಗೆ ಹೋದಳು. ಅದೇ ನನಗೆ ಈಗಲೂ ಕಣ್ಣಿಗೆ ಕಟ್ಟುವುದು. ಕೊಸರಲಿಲ್ಲ. ಕೂಗಲಿಲ್ಲ. ಎರಡು ಹೆಜ್ಜೆ ಅವನ ಹಿಂದೆ ಹೋದಳು, ಹಗ್ಗ ಹಾಕಿದ ಕರುವಿನ ಹಾಗೆ.

ನನಗೆ ಇರುವ ಹಲ್ಲು ಕಡಿಮೆ. ಇದ್ದಷ್ಟರಲ್ಲೇ ಅವನ ಕೈಗೆ ಬಾಯಿ ಹಾಕಿದೆ. ಇಸ್ತ್ರಿ ಶರ್ಟಿನ ತೋಳು ಸಮೇತ ಕಚ್ಚಿದೆ. "ಅಯ್ಯಯ್ಯೋ, ಕಚ್ತಾವ್ಳೆ ಮುದ್ಕಿ!" ಅಂತ ಕಿರುಚಿದ. ಕೈ ಬಿಟ್ಟ. ಬಿಟ್ಟವನು ನನ್ನನ್ನು ನೂಕಿದ, ನಾನು ರಸ್ತೆ ಪಕ್ಕ ಕುಕ್ಕರಿಸಿದೆ. ಟೀ ಅಂಗಡಿಯಲ್ಲಿ ಯಾರೋ ನಕ್ಕರು. ಆಮೇಲೆ ಯಾರೋ "ಏನ್ಲಾ ಅದು, ವಯಸ್ಸಾದವ್ರನ್ನ ನೂಕ್ತೀಯ?" ಅಂತ ಎದ್ದು ಬಂದರು. ಅಷ್ಟರಲ್ಲಿ ಅವನು ಬೈಕ್ ಹತ್ತಿ ಹೋಗಿದ್ದ. ಹೆಣ್ಣಿನ ಕೈ ಹಿಡಿದು ಎಳೆದಾಗ ಏಳದವರು, ಮುದುಕಿ ಬಿದ್ದಾಗ ಎದ್ದರು. ಅದಕ್ಕೂ ಒಂದು ನಮಸ್ಕಾರ.

ಹುಡುಗಿ ನನ್ನನ್ನು ಎತ್ತಿ ನಿಲ್ಲಿಸಿದಳು. ಮಣಿಕಟ್ಟಿನ ಮೇಲೆ ನಾಲ್ಕು ಬೆರಳೂ ಮೂಡಿದ್ದವು.

"ಅಜ್ಜಿ, ಕಾಲು ಬರ್ಲಿಲ್ಲ" ಅಂದಳು.

ಮನೆಯ ತನಕ ಅದೊಂದೇ ಮಾತು.

ಮನೆಯಲ್ಲಿ ಮಗನಿಗೆ ಎಲ್ಲಾ ಹೇಳಿದೆ. ಇದ್ದದ್ದು ಇದ್ದ ಹಾಗೆ. ಮೊದಲು ಅವನು ಚಪ್ಪಲಿ ಮೆಟ್ಟಿಕೊಂಡು ಆ ಬೈಕಿನವನನ್ನು ಹುಡುಕುತ್ತೇನೆ ಅಂತ ಗೇಟಿನ ತನಕ ಹೋದ. ಗೇಟಿನಲ್ಲಿ ಪಕ್ಕದ ಮನೆಯವರು ಸಿಕ್ಕರು. ಟೀ ಅಂಗಡಿಯ ಸುದ್ದಿ ಅಷ್ಟು ಬೇಗ ಬೀದಿಗೆ ಬಂದಿತ್ತು. "ಏನಾಯ್ತಂತೆ ಸ್ಟಾಪ್‌ನಲ್ಲಿ?" ಅಂತ ಅವರು ಕೇಳಿದ್ದು ನನಗೆ ಒಳಗೆ ಕೇಳಿಸಿತು. ಮಗ ಹೇಳಿದ್ದೂ ಕೇಳಿಸಿತು.

"ಯಾವನೋ ಕೈ ಹಿಡಿಯೋಕ್ ಬಂದವ್ನೆ. ನನ್ ಮಗಳು ಬುಡ್ತಾಳಾ? ಒಂದ್ ಕೊಟ್ಟವ್ಳೆ, ಬೈಕ್ ಸಮೇತ ಬಿದ್ದವ್ನೆ!"

ಒಳಗೆ ಬಂದವನು ಮಗಳಿಗೆ ಹೇಳಿದ್ದು ಬೇರೆ.

"ನಾಳೆಯಿಂದ ಕೆಲಸಕ್ಕೆ ಹೋಗ್ಬೇಡ. ಸಾಕು. ಮನೇಲಿರು. ಗಂಡು ನೋಡ್ತೀನಿ."

"ಅಲ್ಲಯ್ಯಾ, ಹೊರಗೆ ಒದ್ಲು ಅಂತೀಯ, ಒಳಗೆ ಹೋಗ್ಬೇಡ ಅಂತೀಯ. ಒದೆಯೋಳು ಯಾಕ್ ಮನೇಲಿರ್ಬೇಕು?" ಅಂದೆ.

"ಅವ್ವಾ, ನಿಂಗೆ ಗೊತ್ತಾಗಲ್ಲ. ಮರ್ಯಾದೆ ಪ್ರಶ್ನೆ."

"ಮೊದ್ಲು ಪೊಲೀಸ್ ಸ್ಟೇಷನ್‌ಗೆ ನಡಿ."

"ಊರೆಲ್ಲ ಗೊತ್ತಾಗುತ್ತೆ, ಸುಮ್ನಿರು."

ಊರಿಗೆ ಆಗಲೇ ಅವನೇ ಹೇಳಿ ಬಂದಿದ್ದ. ಅದನ್ನೂ ಹೇಳಿದೆ. ಸೊಸೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಮಗಳ ಕೈಗೆ ಒತ್ತುತ್ತಿದ್ದಳು. ಮಗಳನ್ನು ಟೇಕ್ವಾಂಡೊಗೆ ಸೇರಿಸಿದವಳು ಅವಳು. ಆ ಸಂಜೆ ಅವಳ ಮುಖ ನೋಡಲು ಆಗಲಿಲ್ಲ.

ಕತ್ತಲಾಗುವ ಹೊತ್ತಿಗೆ ಬೀದಿಯ ಸುದ್ದಿ ಕೇಳಿ ಮಾಸ್ಟ್ರು ಬಂದರು. ಮುಖದ ತುಂಬ ನಗು. ಕೈಯಲ್ಲಿ ಒಂದು ಹೂವಿನ ಹಾರ.

"ಎಲ್ಲಿ ಅಮ್ಮಾ ನಮ್ ಹುಲಿ? ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಆಗ್ಲೇ ಹಾಕ್ಬಿಟ್ಟೆ. ಎಲ್ರೂ ಶಭಾಷ್ ಅಂತವ್ರೆ!"

ಮಗ ನೆಲ ನೋಡಿದ. ಹುಡುಗಿ ಎದ್ದು ಒಳಗೆ ಹೋದಳು. ನಾನೇ ಹೇಳಬೇಕಾಯಿತು.

"ಮಾಸ್ಟ್ರೇ, ಅವಳು ಒದೀಲಿಲ್ಲ. ನಾನು ಕಚ್ಚಿದ್ದು. ಹಾರ ನನಗೇ ಹಾಕಿ."

ಅವರ ನಗು ಇಳಿಯಿತು. ಕುರ್ಚಿಯಲ್ಲಿ ಕೂತರು. ಹಾರವನ್ನು ತೊಡೆಯ ಮೇಲೆ ಇಟ್ಟುಕೊಂಡು, ಏನಾಯಿತು ಎಂದು ಕೇಳಿ, ಪೂರ್ತಿ ಕೇಳಿಸಿಕೊಂಡರು.

"ಒಂದ್ ಮಾತು ಕೇಳ್ತೀನಿ, ನಿಜ ಹೇಳಿ. ಇದನ್ನ ಕಲಿತ್ರೆ ಹೆಣ್ಮಕ್ಕಳಿಗೆ ಉಪಯೋಗ ಐತಾ, ಇಲ್ವಾ?" ಅಂದೆ.

ಬೇರೆಯವರಾಗಿದ್ದರೆ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದರು. ಅವರು ಜಾರಲಿಲ್ಲ.

"ಇದೆ ಅಮ್ಮ. ಮೈ ಗಟ್ಟಿ ಆಗುತ್ತೆ, ಧೈರ್ಯ ಬರುತ್ತೆ. ದೂರ ನಿಂತವನನ್ನ ಹತ್ರಕ್ಕೆ ಬಿಡದೆ ಇರೋದು ಬರುತ್ತೆ. ಆದ್ರೆ ಏಟು ತಿಂದು ಅಭ್ಯಾಸ ಇರ್ಬೇಕು. ನಿಮ್ ಮೊಮ್ಮಗಳಿಗೆ ಅದೊಂದು ಇರ್ಲಿಲ್ಲ." ಮತ್ತೆ ಹೇಳಿದರು, "ಇನ್ನೊಂದ್ ಏನಂದ್ರೆ, ನಮ್ ಆಟದಲ್ಲಿ ಕೈ ಹಿಡಿಯಂಗಿಲ್ಲ. ಹಿಡಿದ್ರೆ ಫೌಲು. ಅದಕ್ಕೆ ಕೈ ಬಿಡಿಸ್ಕೊಳೋದನ್ನ ನಾವು ಜಾಸ್ತಿ ಮಾಡಿಸೋದೇ ಇಲ್ಲ."

"ಆ ಬೋಳಿಮಗನಿಗೆ ಫೌಲು ಅಂತ ಯಾರ್ ಹೇಳ್ಬೇಕಿತ್ತು ಮಾಸ್ಟ್ರೇ?"

ಅವರು ಫೋನ್ ತೆಗೆದು, ಗ್ರೂಪಿನಲ್ಲಿ ಹಾಕಿದ್ದನ್ನು ಅಳಿಸಿದರು. "ಇದನ್ನ ನೋಡಿ ಇವತ್ತೇ ಇಬ್ರು ತಾಯಂದಿರು ಫೋನ್ ಮಾಡಿದ್ರು, ಮಕ್ಕಳನ್ನ ಸೇರಿಸ್ತೀವಿ ಅಂತ" ಅಂದರು. ಹಾರವನ್ನು ಎಲ್ಲಿ ಇಡಬೇಕೋ ತಿಳಿಯದೆ ದೇವರ ಗೂಡಿನ ಪಕ್ಕ ಇಟ್ಟು ಹೋದರು.

ದೀಪ ಹಚ್ಚಿದ ಮೇಲೆ ನಾನೂ ಅವಳೂ ಪೂಜೆಗೆ ಕೂತೆವು. ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡಳು. ವಿಭೂತಿ ಹಚ್ಚಬೇಕಾದ ಬಲಗೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಹಾಗೇ ಕೂತು ಅಂದಳು:

"ಅಜ್ಜಿ, ಇದಕ್ಕೋಸ್ಕರ ಅಲ್ಲ."

"ಯಾವುದಕ್ಕೋಸ್ಕರ?"

"ಫೈಟಿಂಗ್ ಬೇಡ ಅಂದದ್ದು. ಲಿಂಗಕ್ಕೋಸ್ಕರ ಅಲ್ಲ. ನಂಗೆ ಏಟು ಬಿದ್ರೆ ಅಂತ ಭಯ. ಲಿಂಗ ಅಂದ್ರೆ ಯಾರೂ ಮುಂದಕ್ಕೆ ಕೇಳ್ತಿರ್ಲಿಲ್ಲ. ನೀನು ತೋಳಿಗೆ ಕಟ್ಟು ಅಂದಾಗ ನಂಗೆ ಇನ್ನೂ ಭಯ ಆಯ್ತು. ಎಲ್ಲಿ ಬಲವಂತ ಮಾಡ್ತೀಯೋ ಅಂತ."

ನಾನು ಬಲವಂತ ಮಾಡಿರಲಿಲ್ಲ. ಎದುರು ಮನೆಗೆ ಹೇಳಿಕೊಂಡು ಬಂದಿದ್ದೆ.

ಭಯಪಡುವುದು ತಪ್ಪಲ್ಲ. ಹದಿನೈದರ ಹುಡುಗಿಗೆ ಏಟೆಂದರೆ ಭಯವಾಗದೆ ಇನ್ನೇನು? ಆ ಭಯವನ್ನು ಅವಳು ಬಾಯಿಬಿಟ್ಟು ಹೇಳಲು ನಮ್ಮ ಮನೆಯಲ್ಲಿ ಜಾಗ ಇರಲಿಲ್ಲ, ಭಕ್ತಿಗೆ ಜಾಗ ಇತ್ತು. ಭಯ ಅಂದಿದ್ದರೆ ಅವರಪ್ಪ ನಗುತ್ತಿದ್ದ. ನಾನೂ ನಗುತ್ತಿದ್ದೆ. ಅದಕ್ಕೇ ಅವಳು ನಾವು ಮೆಚ್ಚುವ ಮಾತನ್ನು ಆರಿಸಿಕೊಂಡಳು. ನಾವು ಮೆಚ್ಚಿದೆವು, ಮೆಡಲು ಮೊಳೆಗೆ ಹಾಕಿದೆವು. ತಾರಸಿಯ ಮೇಲೆ ಅವಳು ಮಾಡುತ್ತಿದ್ದದ್ದು ಚೆಂದ. ಚೆಂದ ಅಂತ ಇಟ್ಟುಕೊಂಡಿದ್ದರೆ ಸಾಕಾಗಿತ್ತು. ಅದನ್ನು ಕಾವಲು ಅಂದುಕೊಂಡದ್ದು ನಮ್ಮ ಬುದ್ಧಿ. ಅವಳೂ ಹಾಗೇ ನಂಬಿದ್ದಳು, ಪಾಪ. ಸ್ಟಾಪಿನಲ್ಲಿ ಅವನಿಗಿಂತ ಹೆಚ್ಚಾಗಿ ಅವಳ ಕಾಲೇ ಅವಳಿಗೆ ಮೋಸ ಮಾಡಿತು.

ಆಮೇಲೆ ಅವಳು ಆ ಬಿಳಿ ಡ್ರೆಸ್ಸು ಹಾಕಲಿಲ್ಲ. ಅದು ಬೇರೆ ಯಾವ ಮಗುವಿಗೋ ಹೋಯಿತು. ಮಾಸ್ಟ್ರು ಈಗ ಹೊಸ ಮಕ್ಕಳಿಗೆ ಬೆಲ್ಟಿಗಿಂತ ಮೊದಲು ಕೈ ಬಿಡಿಸಿಕೊಳ್ಳುವುದು ಮಾಡಿಸುತ್ತಾರೆ ಅಂತ ಕೇಳಿದ್ದೇನೆ. ಒಳ್ಳೆಯದು. ನಮ್ಮ ಹುಡುಗಿಯ ಕಾಲಕ್ಕೆ ಅದು ಬರಲಿಲ್ಲ. ಹಪ್ಪಳ ಹಾಕಲು ತಾರಸಿಗೆ ಹೋದರೆ ಆ ಕಡೆ ಖಾಲಿ. ಯಾರಾದರೂ ಹೆಣ್ಣುಮಕ್ಕಳನ್ನು ಸೇರಿಸಲೋ ಬೇಡವೋ ಅಂತ ಕೇಳಿದರೆ, ಸೇರಿಸಿ ಅನ್ನುತ್ತೇನೆ. ಆದರೆ ಮನೆಗೆ ಬಂದಾಗ ಮೈಮೇಲೆ ಏಟಿನ ಕಲೆ ಇದೆಯಾ ನೋಡಿ. ಕಲೆಯೇ ಇಲ್ಲದಿದ್ದರೆ ಯಾಕೆ ಅಂತ ಹೋಗಿ ಕೇಳಿ. ನಾವು ಕೇಳಲಿಲ್ಲ.

ಆ ರಾತ್ರಿ ಊಟ ಯಾರಿಗೂ ಸೇರಲಿಲ್ಲ. ಮಲಗುವ ಮೊದಲು ಮಗ ಮತ್ತೆ ಅಂದ, ಫ್ಯಾಕ್ಟರಿಗೆ ತಾನೇ ಫೋನ್ ಮಾಡಿ ಹೇಳುತ್ತೇನೆ ಎಂದು. ಹುಡುಗಿ "ಸರಿ ಅಪ್ಪ" ಅಂದಳು. ಸ್ಟಾಪಿನಲ್ಲಿ ಅವನ ಹಿಂದೆ ಹೋದ ಹಾಗೇ ಅಂದಳು. ಅದನ್ನು ಕೇಳಿ ನನಗೆ ಮೈ ಉರಿಯಿತು.

ಬೆಳಿಗ್ಗೆ ಎದ್ದೆ. ಕುಕ್ಕರಿಸಿದ್ದ ಸೊಂಟ ಹಿಡಿದುಕೊಂಡಿತ್ತು. ಹುಡುಗಿ ನೈಟಿಯಲ್ಲೇ ಅಡುಗೆಮನೆಯಲ್ಲಿ ನಿಂತು ಅವರಮ್ಮನಿಗೆ ಈರುಳ್ಳಿ ಹೆಚ್ಚಿಕೊಡುತ್ತಿದ್ದಳು. ಕೆಲಸದ ದಿನ ಆ ಹೊತ್ತಿಗೆ ತಲೆ ಬಾಚಿ ಮುಗಿದಿರುತ್ತಿತ್ತು. ನಾನು ಹೋಗಿ ಅವಳ ಕೈಯಿಂದ ಚಾಕು ತೆಗೆದಿಟ್ಟೆ. ಎಡಗೈ ಮಣಿಕಟ್ಟನ್ನು ಹಿಡಿದೆ. ಅವನು ಹಿಡಿದ ಹಾಗೇ.

"ಬಿಡಿಸ್ಕೋ" ಅಂದೆ.

"ಅಜ್ಜಿ, ಏನಿದು?"

"ಬಿಡಿಸ್ಕೊಳ್ಳೇ ಅಂದ್ರೆ."

ಎಳೆದೆ. ಬಂದಳು. ಹಾಲಿನ ತನಕ ಎಳೆದುಕೊಂಡು ಹೋದೆ. ಸದ್ದಿಗೆ ಮಗ ಎದ್ದು ಬಂದ. "ಅವ್ವಾ, ಬೆಳಿಗ್ಗೆ ಬೆಳಿಗ್ಗೆ ಇದೇನ್ ಮಾಡ್ತಿದೀಯ? ಬುಡು ಅವಳನ್ನ!"

"ನಾನ್ ಬುಡಲ್ಲ. ಅವಳು ಬಿಡಿಸ್ಕೊಳ್ಳಿ. ನೀನೂ ಬಾ, ಹಿಡಿ. ನಾನು ಮುದುಕಿ, ನನ್ ಹಿಡಿತ ಸಾಲದು."

ಅವನು ಮಗಳ ಕೈ ಹಿಡಿದ. ಹೇಗೆ ಹಿಡಿದ ಅಂದರೆ, ಜಾತ್ರೆಯಲ್ಲಿ ಮಗು ತಪ್ಪಿಹೋಗದ ಹಾಗೆ ಹಿಡಿಯುತ್ತಾರಲ್ಲ, ಹಾಗೆ. "ಗಟ್ಟಿಯಾಗಿ ಹಿಡಿಯೋ" ಅಂದೆ. ಅವನಿಗೆ ಆಗಲಿಲ್ಲ. ಬಲಗೈ ಮಣಿಕಟ್ಟಿನ ಕಲೆ ನೋಡಿ ಕೈ ಬಿಟ್ಟು ಸೋಫಾದ ಮೇಲೆ ಕೂತು ಮುಖ ಮುಚ್ಚಿಕೊಂಡ. ಅವನನ್ನು ಅಲ್ಲೇ ಬಿಟ್ಟು ಮತ್ತೆ ನಾನೇ ಹಿಡಿದೆ. ಈ ಸಲ ಎರಡೂ ಕೈಯಲ್ಲಿ.

"ಅಜ್ಜಿ ಬಿಡು, ನೋಯುತ್ತೆ."

"ನೋಯ್ಲಿ. ಬಿಡಿಸ್ಕೊಂಡ್ರೆ ಕೆಲಸಕ್ಕೆ ಹೋಗ್ತೀಯ. ಇಲ್ಲಾಂದ್ರೆ ನಿಮ್ಮಪ್ಪ ಹೇಳ್ದಂಗೆ ಮನೇಲಿ ಬಿದ್ದಿರು."

ಅತ್ತಳು. ನಾನು ಬಿಡಲಿಲ್ಲ. ಬೈದೆ. ಅವಳ ಮೆಡಲಿಗೂ ಸೇರಿಸಿ ಬೈದೆ. ಆವಾಗ ಏನಾಯಿತೋ, ಹಿಮ್ಮಡಿ ಎತ್ತಿ ನನ್ನ ಕಾಲ್ಬೆರಳ ಮೇಲೆ ಕುಕ್ಕಿದಳು. ನನಗೆ ಕಣ್ಣು ಕತ್ತಲಾಯಿತು. ಹಿಡಿತ ಸಡಿಲವಾದ ಕೂಡಲೇ ನನ್ನ ಹೆಬ್ಬೆರಳ ಕಡೆಗೆ ಕೈ ತಿರುಗಿಸಿ ಕಿತ್ತುಕೊಂಡಳು. ಕಿತ್ತುಕೊಂಡು ಗೋಡೆಗೆ ಒರಗಿ ನಿಂತು ಏದುಸಿರು ಬಿಡುತ್ತಿದ್ದಳು. ಪೂಮ್ಸೆಯಲ್ಲಿ ಇಲ್ಲದ ಮುಖ ಅದು. ನೋಡಲು ಸ್ವಲ್ಪವೂ ಚೆನ್ನಾಗಿರಲಿಲ್ಲ.

"ಅಜ್ಜೀ, ನೋವಾಯ್ತಾ?"

"ಆಯ್ತು. ಹೋಗಿ ತಲೆ ಬಾಚ್ಕೋ."

ಮಗ ಏನೋ ಹೇಳಲು ಬಾಯಿ ತೆರೆದ. ಸೊಸೆ ಅಡುಗೆಮನೆಯಿಂದ ಊಟದ ಡಬ್ಬಿ ತಂದು ಅವನ ಮುಂದೆಯೇ ಮಗಳ ಬ್ಯಾಗಿಗೆ ಹಾಕಿದಳು. ಅವನು ಬಾಯಿ ಮುಚ್ಚಿದ. ಒಂದು ಬೆಳಿಗ್ಗೆಯಲ್ಲಿ ಯಾರೂ ಏನೂ ಕಲಿಯುವುದಿಲ್ಲ, ನನಗೆ ಗೊತ್ತು. ಇದನ್ನು ಅವಳು ಹೈಸ್ಕೂಲಿನಲ್ಲಿದ್ದಾಗಲೇ ನಾನೋ ಅವರಪ್ಪನೋ ಮಾಡಬೇಕಿತ್ತು. ಈಗ ಮಾಡಿದೆ.

ಅವಳು ಹೋಗಬೇಕಾದ ಬಸ್ಸು ಹೋಗಿತ್ತು. ಮುಂದಿನ ಬಸ್ಸಿಗೆ ಸ್ಟಾಪಿನ ತನಕ ಕುಂಟುತ್ತಾ ಜೊತೆಗೆ ಹೋದೆ. ಬಸ್ಸಿನಲ್ಲಿ ಅವಳ ಪಕ್ಕ ಕೂತೆ, ಅಂತರಸನಹಳ್ಳಿಯಲ್ಲಿ ಇಳಿದೆ, ಫ್ಯಾಕ್ಟರಿ ಗೇಟಿನಲ್ಲಿದ್ದ ಸೆಕ್ಯುರಿಟಿಯವನಿಗೆ ಆ ಇಸ್ತ್ರಿ ಶರ್ಟಿನವನ ಗುರುತೆಲ್ಲ ಹೇಳಿದೆ. ಅವಳು ಒಳಗೆ ಹೋದಳು. ಅಲ್ಲಿಂದ ಆಟೋ ಹಿಡಿದು, ಪೊಲೀಸ್ ಸ್ಟೇಷನ್ ಎಲ್ಲಿದೆ ಅಂತ ಡ್ರೈವರನ್ನು ಕೇಳಿ, ಅಲ್ಲಿಗೇ ನಡಿ ಅಂದೆ.